ಉಪ್ಪು ನೀರಿನಲ್ಲಿ ಒಂದಾಗದ ಗುಳ್ಳೆಗಳು

ಮೀನಿನ ತೊಟ್ಟಿಗೆ ಗಾಳಿ ಊದುವ ಪುಟ್ಟ ಪಂಪಿನ ಏರ್ ಸ್ಟೋನನ್ನು ಉದ್ದನೆಯ ಗಾಜಿನ ಜಾಡಿಯ ತಳಕ್ಕೆ ಇಳಿಸಿ, ಕುಡಿಯುವ ನೀರು ತುಂಬಿಸಿ ನೋಡಿ. ಕಲ್ಲಿನಿಂದ ಹೊರಟ ಸಣ್ಣ ಗುಳ್ಳೆಗಳು ದಾರಿಯಲ್ಲೇ ಒಂದಕ್ಕೊಂದು ತಾಗಿ, ಕೂಡಿ, ದಪ್ಪಗಾಗಿ ಮೇಲೇರುತ್ತವೆ. ನೀರಿನಾಚೆ ಇರುವುದೆಲ್ಲ ಕಾಣುತ್ತದೆ. ಈಗ ಲೀಟರಿಗೆ ಒಂದು ಟೀ ಚಮಚದಂತೆ, ಅಂದರೆ ಸುಮಾರು 6 ಗ್ರಾಂ, ಅಡುಗೆ ಉಪ್ಪು ಕದಡಿ. ಗುಳ್ಳೆಗಳು ತಾಗಿದರೂ ಕೂಡುವುದಿಲ್ಲ. ಸಣ್ಣವು ಸಣ್ಣವಾಗಿಯೇ ಉಳಿದು ಜಾಡಿಯೆಲ್ಲ ಬೆಳ್ಳಗೆ ಮಬ್ಬಾಗುತ್ತದೆ. ಪಂಪು ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ತಿಳಿ. ಸೋಪಿನ ನೊರೆಯಂತೆ ಮೇಲೆ ಏನೂ ನಿಲ್ಲುವುದಿಲ್ಲ.

ಪುಸ್ತಕದ ಲೆಕ್ಕ ಹೇಳುವುದು ಇದಕ್ಕೆ ತದ್ವಿರುದ್ಧ. ಒಂದೇ ಬಗೆಯ ವಿದ್ಯುದಾವೇಶ ಹೊತ್ತ ಕಣಗಳ ನಡುವಿನ ವಿಕರ್ಷಣೆಯನ್ನು ಉಪ್ಪು ಕುಗ್ಗಿಸುತ್ತದೆ. ಹೊಳೆ ಹೊತ್ತು ತಂದ ಜೇಡಿಯ ಕಣಗಳು ಅಳಿವೆಯ ಉಪ್ಪು ನೀರಿನಲ್ಲಿ ಒಟ್ಟುಗೂಡಿ ತಳ ಸೇರಲು ಇದೂ ಒಂದು ಕಾರಣ. ಜೇಡಿಯನ್ನು ಕೂಡಿಸುವ ಉಪ್ಪು ಗುಳ್ಳೆಗಳನ್ನು ಮಾತ್ರ ಯಾಕೆ ದೂರ ಇಡಬೇಕು?

ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ವಿನ್ಸೆಂಟ್ ಕ್ರೇಗ್, ಬ್ಯಾರಿ ನಿನ್‌ಹ್ಯಾಮ್, ರಿಚರ್ಡ್ ಪ್ಯಾಶ್ಲಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈ ಒಗಟು ಇನ್ನಷ್ಟು ಗಂಟಾಯಿತು. ಗುಳ್ಳೆ ತುಂಬಿದ ನೀರಿನ ಕಂಬದ ಮೂಲಕ ಬೆಳಕು ಹಾಯಿಸಿ, ಎಷ್ಟು ದಾಟಿ ಬರುತ್ತದೆ ಎಂದು ಅವರು ಅಳೆದರು. ಗುಳ್ಳೆ ಸಣ್ಣದಾದಷ್ಟೂ ಬೆಳಕು ಕಡಿಮೆ. ಸೋಡಿಯಂ ಕ್ಲೋರೈಡ್ ಗುಳ್ಳೆಗಳನ್ನು ತಡೆಯಿತು, ಪರ್ಕ್ಲೋರಿಕ್ ಆಮ್ಲವೂ ತಡೆಯಿತು. ಆದರೆ ಜೋಡಿ ಬದಲಿಸಿ ಸೋಡಿಯಂ ಪರ್ಕ್ಲೋರೇಟ್ ಹಾಕಿದರೆ ಪರಿಣಾಮವೇ ಇಲ್ಲ, ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಅದೇ ಗತಿ. ಯಾವ ಅಯಾನಿಗೂ ತನ್ನದೇ ಗುಣವೆಂಬುದು ಸಾಲದು, ಜಾತಕ ಕೂಡಿಬರಬೇಕು! ಅವರು ಅಯಾನುಗಳನ್ನು ಆಲ್ಫಾ, ಬೀಟಾ ಎಂದು ಎರಡು ಗುಂಪು ಮಾಡಿದರು: ಒಂದೇ ಗುಂಪಿನ ಜೋಡಿ ತಡೆಯುತ್ತದೆ, ಬೆರಕೆ ಜೋಡಿ ತಡೆಯುವುದಿಲ್ಲ. ನಿಯಮವೇನೋ ಸಿಕ್ಕಿತು; ಕಾರಣದ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ. ನನಗೆ ರುಚಿಸುವ ವಿವರಣೆಯ ಪ್ರಕಾರ, ಆಲ್ಫಾ ಅಯಾನುಗಳು ನೀರಿನ ಮೇಲ್ಮೈಯಿಂದ ಹಿಂದೆ ಸರಿಯುತ್ತವೆ, ಬೀಟಾದವು ಮೇಲ್ಮೈಯತ್ತ ಬರುತ್ತವೆ; ಎರಡು ಗುಳ್ಳೆಗಳ ನಡುವಿನ ತೆಳು ನೀರಿನ ಪೊರೆ ಹರಿಯುವ ಕ್ಷಣದಲ್ಲಿ ಈ ಹಂಚಿಕೆಯೇ ನಿರ್ಣಾಯಕ.

ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಹಾಗಾಗಿ ಒಡೆದ ಅಲೆಯಲ್ಲಿ ಸಿಹಿನೀರಿಗಿಂತ ಹೆಚ್ಚು ಸಣ್ಣ ಗುಳ್ಳೆಗಳು ಉಳಿಯುತ್ತವೆ. ಅವು ಮೇಲೆ ಬಂದು ಸಿಡಿದಾಗ ಚಿಮ್ಮುವ ಹನಿಗಳ ಉಪ್ಪು ಗಾಳಿಗೇರಿ ಮೋಡದ ಹನಿಗಳಿಗೆ ಬೀಜವಾಗುತ್ತದೆ. ಅದಿರಿನ ಪುಡಿಯನ್ನು ಗುಳ್ಳೆಗಳಿಗೆ ಅಂಟಿಸಿ ತೇಲಿಸಿ ಬೇರ್ಪಡಿಸುವ ಗಣಿಗಾರರಿಗೂ ಸಣ್ಣ ಗುಳ್ಳೆ ಬೇಕು. ಚಿಲಿಯಲ್ಲಿ ಕೆಲವು ಗಣಿಗಳು ಇದಕ್ಕೆ ಸಮುದ್ರದ ನೀರನ್ನೇ ಬಳಸುತ್ತವೆ.

ಇಷ್ಟಾದ ಮೇಲೆ ಸಕ್ಕರೆಯ ತಕರಾರು ಬೇರೆ. ಅದರಲ್ಲಿ ಅಯಾನೂ ಇಲ್ಲ, ಆವೇಶವೂ ಇಲ್ಲ. ಆದರೂ ಸಾಕಷ್ಟು ಸುರಿದರೆ ಅದೂ ಗುಳ್ಳೆಗಳನ್ನು ಕೂಡಲು ಬಿಡುವುದಿಲ್ಲ.