ಕೊನೆಯ ಅಂಕಿಯ ಪೇಚಾಟ

ಮಕ್ಕಳೇ, ಮೊದಲು ಒಂದು ಕೆಲಸ ಮಾಡಿ. ಅಪ್ಪನದೋ ಅಮ್ಮನದೋ ಫೋನ್ ಇಸ್ಕೊಂಡು ಅದರಲ್ಲಿ ಸೈಂಟಿಫಿಕ್ ಕ್ಯಾಲ್ಕುಲೇಟರ್ ತೆಗೆಯಿರಿ. 'ಇ' ಅಂತ ಒಂದು ಗುಂಡಿ ಇರುತ್ತದೆ. ಅದು 2.71828... ಎಂದು ಕೊನೆಯೇ ಇಲ್ಲದೆ ಹೋಗುವ ಒಂದು ಸಂಖ್ಯೆ. ಅದರ ಘಾತ 1.626 ಎಂದು ಒತ್ತಿ. ಬಂದ ಉತ್ತರವನ್ನು ಸದ್ಯಕ್ಕೆ ಕೈಯಿಂದ ಮುಚ್ಚಿಕೊಳ್ಳಿ.

ಈ ಉತ್ತರವನ್ನು ದಶಮಾಂಶದ ಮೂರು ಸ್ಥಾನಕ್ಕೆ ಸರಿಮಾಡಿ ಹೇಳಬೇಕು ಎಂದುಕೊಳ್ಳಿ. ನಾಲ್ಕು ಸ್ಥಾನದವರೆಗೆ ಲೆಕ್ಕ ಹಾಕಿದರೆ 5.0835 ಬರುತ್ತದೆ. ಕೊನೆಗೆ 5 ಇದ್ದರೆ ಮೇಲಕ್ಕೆ ಏರಿಸಬೇಕು ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ದಾರೆ, ಹಾಗಾಗಿ 5.084 ಅನ್ನುತ್ತೀರಿ. ಆದರೆ ತಡೀರಿ, ಆ 5.0835 ಕೂಡ ಸರಿಮಾಡಿ ಬಂದ ಸಂಖ್ಯೆಯೇ ಅಲ್ಲವಾ? ಇನ್ನೊಂದು ಸ್ಥಾನ ಮುಂದೆ ಹೋದರೆ 5.08350. ಮತ್ತೆ ಮುಂದೆ ಹೋದರೆ 5.083500. ಆಮೇಲೆ 5.0835000, 5.08350000. ಎಷ್ಟು ಹೋದರೂ ಸರಿಯಾಗಿ ನಡುಗೆರೆಯ ಮೇಲೇ ನಿಂತಿದೆ!

ಈಗ ಕೈ ತೆಗೆಯಿರಿ. 5.0834999962 ಎಂದು ಶುರುವಾಗುವ ಸಂಖ್ಯೆ ಕಾಣುತ್ತದೆ. ನಡುಗೆರೆಗಿಂತ ಕೂದಲೆಳೆಯಷ್ಟು ಕೆಳಗೆ. ಸರಿಯುತ್ತರ 5.083.

ಪೋಷಕರಲ್ಲಿ ಪಿಯುಸಿಯಲ್ಲಿ ಕ್ಲಾರ್ಕ್ಸ್ ಟೇಬಲ್ಸ್ ಹಿಡಿದುಕೊಂಡು ಲಾಗ್ ಹುಡುಕಿದವರು ಇದ್ದೀರಿ. ಅಂಥ ಪುಸ್ತಕದ ಒಂದೊಂದು ಅಂಕಿಯನ್ನೂ ಯಾರೋ ಒಬ್ಬರು ಹೀಗೆ ತೀರ್ಮಾನ ಮಾಡಿ ಬರೆದಿರಬೇಕು. ಏರಿಸಲೋ ಇಳಿಸಲೋ ಎಂದು ಗೊತ್ತಾಗಲು ಎಷ್ಟು ದೂರ ಲೆಕ್ಕ ಹಾಕಬೇಕು ಅನ್ನುವುದೇ ಮೊದಲಿಗೆ ತಿಳಿಯದು. ವಿಲಿಯಂ ಕಹಾನ್ ಎಂಬ ಗಣಿತಜ್ಞರು ಈ ಇಕ್ಕಟ್ಟಿಗೆ 'ಟೇಬಲ್ ಮೇಕರ್ಸ್ ಡೈಲೆಮಾ' ಎಂದು ಹೆಸರಿಟ್ಟರು.

ಕಂಪ್ಯೂಟರಿಗೂ ಇದೇ ಗೋಳು. ಅದು ಸಾಮಾನ್ಯವಾಗಿ ಒಂದು ಸಂಖ್ಯೆಗೆ 53 ಬೈನರಿ ಅಂಕಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 16 ಅಂಕಿ, ಇಟ್ಟುಕೊಳ್ಳುತ್ತದೆ. ಉಳಿದದ್ದನ್ನು ಸರಿಮಾಡಿ ಬಿಡುತ್ತದೆ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ವರ್ಗಮೂಲ, ಈ ಐದರಲ್ಲಿ ಕೊನೆಯ ಅಂಕಿಯೂ ಸರಿಯಾಗಿಯೇ ಇರಬೇಕು ಎಂದು 1985ರ ಐಇಇಇ 754 ನಿಯಮ ಕಟ್ಟುಮಾಡಿತು. ಸೈನ್, ಲಾಗ್ ಮುಂತಾದವನ್ನು ಮಾತ್ರ ಕಷ್ಟ ಎಂದು ಬಿಟ್ಟುಬಿಟ್ಟಿತು. ಹಾಗಾಗಿ ಈ ಲೆಕ್ಕ ಮಾಡಿಕೊಡುವ ಸಾಫ್ಟ್‌ವೇರ್ ಲೈಬ್ರರಿಗಳನ್ನು ಅವರವರು ತಮಗೆ ತೋಚಿದಂತೆ ಬರೆದರು. ಒಂದೇ ಪ್ರಶ್ನೆಗೆ ಎರಡು ಕಂಪ್ಯೂಟರ್ ಎರಡು ಉತ್ತರ ಕೊಡಬಹುದು, ಕೊನೆಯ ಒಂದೇ ಒಂದು ಅಂಕಿಯಲ್ಲಿ.

ಹದಿನಾರನೇ ಅಂಕಿ ತಾನೇ, ಹೋಗ್ಲಿ ಬಿಡಿ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು, ಎಲ್‌ಎಚ್‌ಸಿಯ ಕಥೆ ಓದುವವರೆಗೆ. ಜಿನೀವಾ ಹತ್ತಿರ ನೆಲದಡಿಯಲ್ಲಿ 27 ಕಿಲೋಮೀಟರ್ ಸುತ್ತಳತೆಯ ಒಂದು ಉಂಗುರ ಇದೆ. ಅದರಲ್ಲಿ ಪ್ರೋಟಾನ್‌ಗಳನ್ನು ಗಿರಗಿರ ಸುತ್ತಿಸುತ್ತಾರೆ. ಲಕ್ಷಗಟ್ಟಲೆ ಸುತ್ತು ಹಾಕಿದರೂ ಅವು ದಾರಿ ತಪ್ಪಿ ಗೋಡೆಗೆ ಬಡಿಯುವುದಿಲ್ಲ ತಾನೇ ಎಂದು ಮೊದಲೇ ಲೆಕ್ಕ ಹಾಕಿ ನೋಡಬೇಕಿತ್ತು. ಇದಕ್ಕೆ 2004ರಲ್ಲಿ ಸಾಮಾನ್ಯ ಜನರ ಮನೆಯ ಕಂಪ್ಯೂಟರುಗಳನ್ನೇ ಕೇಳಿ ಬಳಸಿಕೊಂಡರು. ಒಂದೇ ಲೆಕ್ಕವನ್ನು ಒಂದಕ್ಕಿಂತ ಹೆಚ್ಚು ಮನೆಗೆ ಕಳಿಸಿ, ಉತ್ತರಗಳನ್ನು ತಾಳೆ ನೋಡುವುದು ಪದ್ಧತಿ. ಆದರೆ ತಾಳೆಯಾಗಬೇಕಲ್ಲ! ಮೊದಲ ಸುತ್ತಿನಲ್ಲಿ ಹದಿನಾರನೇ ಅಂಕಿಯಲ್ಲಿದ್ದ ವ್ಯತ್ಯಾಸ ಸುತ್ತು ಸುತ್ತಿಗೂ ಬೆಳೆದು, ಕೊನೆಗೆ ಒಂದು ಮನೆಯಲ್ಲಿ ಪ್ರೋಟಾನ್ ಉಳಿದರೆ ಇನ್ನೊಂದು ಮನೆಯಲ್ಲಿ ಕಳೆದುಹೋಗುತ್ತಿತ್ತು. ಯಾರ ಕಂಪ್ಯೂಟರ್ ಕೆಟ್ಟಿದೆ, ಯಾರದು ಬರೀ ಬೇರೆ ಲೈಬ್ರರಿ ಬಳಸಿದೆ ಅಂತ ಹೇಳುವುದು ಹೇಗೆ? ಫ್ರಾನ್ಸಿನ ಲಿಯೋಂ ನಗರದವರು ಕಟ್ಟಿದ ಸಿಆರ್‌ಲಿಬ್‌ಎಂ ಎಂಬ ಲೈಬ್ರರಿ ಅವರ ಕೈ ಹಿಡಿಯಿತು. ಅದರಲ್ಲಿ ಕೊನೆಯ ಅಂಕಿಯೂ ಸರಿ. ಸರಿಯುತ್ತರ ಒಂದೇ ಇರುವುದರಿಂದ ಎಲ್ಲ ಮನೆಯಲ್ಲೂ ಅದೇ ಬರಲೇಬೇಕು.

ಇಂಥ ಲೈಬ್ರರಿಯನ್ನು ಕಟ್ಟುವುದು ಹೇಗೆ? ಮೊದಲು ಹತ್ತು ಬೈನರಿ ಅಂಕಿ ಹೆಚ್ಚಿಗೆ ಇಟ್ಟುಕೊಂಡು ಬೇಗಬೇಗ ಲೆಕ್ಕ ಹಾಕುತ್ತಾರೆ. ತಪ್ಪು ಎಷ್ಟಿರಬಹುದು ಎಂಬುದು ಗೊತ್ತಿರುತ್ತದೆ. ಅಷ್ಟು ತಪ್ಪಿದ್ದರೂ ಉತ್ತರ ನಡುಗೆರೆಯ ಒಂದೇ ಪಕ್ಕದಲ್ಲಿ ಉಳಿದರೆ ಕೆಲಸ ಮುಗೀತು. ಸುಮಾರು ಸಾವಿರದಲ್ಲಿ ಒಂದು ಸಲ ಮಾತ್ರ ಅನುಮಾನ ಬರುತ್ತದೆ. ಆಗ ಇನ್ನಷ್ಟು ಅಂಕಿ ಸೇರಿಸಿ ನಿಧಾನವಾಗಿ ಮತ್ತೆ ಲೆಕ್ಕ. ಐಬಿಎಂನ ಅಬ್ರಹಾಂ ಝಿವ್ 1991ರಲ್ಲಿ ಪ್ರಕಟಿಸಿದ ಉಪಾಯ ಇದು.

ಆದರೆ ಎಷ್ಟು ಅಂಕಿ ಸೇರಿಸಿದರೆ ಸಾಕು? ಅಸಲಿ ಕಷ್ಟ ಇರುವುದು ಇಲ್ಲಿ. ಚಿಕ್ಕ, 32 ಬಿಟ್‌ನ ಸಂಖ್ಯೆಗಳು ಒಟ್ಟು ಸುಮಾರು 429 ಕೋಟಿ. ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ ನೋಡಬಹುದು, ನೋಡುತ್ತಾರೆ ಕೂಡ. 64 ಬಿಟ್‌ಗೆ ಬಂದರೆ ಸೆಕೆಂಡಿಗೆ ನೂರು ಕೋಟಿಯಂತೆ ನೋಡಿದರೂ 584 ವರ್ಷ ಬೇಕು. ವಿನ್ಸೆಂಟ್ ಲೆಫೆವ್ರ್ ಮತ್ತು ಜಾನ್ ಮಿಷೆಲ್ ಮ್ಯುಲರ್ ಒಂದು ಜಾಣತನ ಮಾಡಿದರು. ಬಾಗಿದ ಗೆರೆಯನ್ನು ಚೂರು ಚೂರು ಮಾಡಿದರೆ ಪ್ರತಿ ಚೂರೂ ಹೆಚ್ಚುಕಡಿಮೆ ನೇರವಾಗಿಯೇ ಕಾಣುತ್ತದೆ. ನೇರ ಗೆರೆ ಎಲ್ಲಿ ಅಪಾಯದ ಹತ್ತಿರ ಹೋಗುತ್ತದೆ ಎಂದು ಹುಡುಕುವುದು ಸುಲಭ. ಹೀಗೆ ಹುಡುಕಿ, ಲಾಗ್‌ನ ಅತಿ ಕಷ್ಟದ ಸಂಖ್ಯೆ ಸಿಕ್ಕಿತು: ಅದರ ಉತ್ತರದಲ್ಲಿ 53 ಅಂಕಿ ಆದ ಮೇಲೆ ಬರೀ ಸೊನ್ನೆಗಳ ದೊಡ್ಡ ಸಾಲು. ಲಾಗ್‌ಗೆ ಸುಮಾರು 118 ಬೈನರಿ ಅಂಕಿ ಸಾಕು ಎಂದು ಆಗ ಖಾತ್ರಿಯಾಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಈಗ ಅಮೆರಿಕದ ರಟ್ಗರ್ಸ್‌ನಲ್ಲಿರುವ ಸಂತೋಷ್ ನಾಗರಕಟ್ಟೆ ಅವರ ತಂಡ ಇದನ್ನೇ ತಿರುವಿಹಾಕಿ ನೋಡಿತು. ನಿಜವಾದ ಬೆಲೆಗೇ ಗುರಿ ಇಡಬೇಕಾಗಿಲ್ಲ. ಸರಿಮಾಡಿದಾಗ ಸರಿಯುತ್ತರವೇ ಬರುವಂಥ ಒಂದು ಸಣ್ಣ ಕಿಂಡಿ ಪ್ರತಿ ಸಂಖ್ಯೆಗೂ ಇರುತ್ತದೆ. ಎಲ್ಲ ಕಿಂಡಿಗಳಲ್ಲೂ ದಾರ ಪೋಣಿಸಿದಂತೆ ಹಾದುಹೋಗುವ ಒಂದು ಸೂತ್ರ ಸಿಕ್ಕರೆ ಸಾಕು. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಯೋಚನೆ ಇದೇ.

ಫ್ರಾನ್ಸಿನ ಪಾಲ್ ಝಿಮರ್ಮನ್ ಮತ್ತು ಜೊತೆಗಾರರ ಕೋರ್ ಮ್ಯಾಥ್ ಯೋಜನೆಯ ಕೆಲವು 32 ಬಿಟ್ ಫಂಕ್ಷನ್‌ಗಳು 2025ರಲ್ಲಿ ಲಿನಕ್ಸ್‌ನ ಜಿ ಲಿಬ್ ಸಿ ಒಳಗೇ ಸೇರಿಕೊಂಡವು. ಇನ್ನು, ಒಂದು ಸಂಖ್ಯೆಯನ್ನು ಇನ್ನೊಂದರ ಘಾತಕ್ಕೆ ಏರಿಸುವ ಪವರ್ ಫಂಕ್ಷನ್ ಇದೆಯಲ್ಲ, ಅದಕ್ಕೆ ಎರಡೆರಡು ಸಂಖ್ಯೆ ಕೊಡಬೇಕು. 64 ಬಿಟ್‌ನಲ್ಲಿ ಅಂಥ ಜೋಡಿಗಳ ಎಣಿಕೆ ಬರೆಯಲು 39 ಅಂಕಿ ಬೇಕು. ಅದರ ಕಷ್ಟದ ಜೋಡಿಗಳ ಪೂರ್ತಿ ಪಟ್ಟಿ ಇನ್ನೂ ಯಾರ ಹತ್ತಿರವೂ ಇಲ್ಲ.