ವಿಶ್ವಾಮಿತ್ರಿಯ ದಡದ ಕಮಾಟಿ ಬಾಗ್

ಪಾವಾಗಡದ ಬೆಟ್ಟದಲ್ಲಿ ಹುಟ್ಟಿ, ಗುಜರಾತಿನ ಬಯಲಿನಲ್ಲಿ ಬಳುಕುತ್ತ ಬಂದು, ವಡೋದರಾ ನಗರದ ನಡುವೆ ಹಾದು ಖಂಭಾತದ ಕೊಲ್ಲಿಯತ್ತ ಸಾಗುವ ವಿಶ್ವಾಮಿತ್ರಿಯು ಮಹಾನದಿಗಳ ಸಾಲಿನಲ್ಲಿ ಎಣಿಸತಕ್ಕದ್ದಲ್ಲ. ಆದರೂ ಹಳೆಯ ಪಟ್ಟಣಕ್ಕೂ ಅಂದಿನ ಆಂಗ್ಲರ ದಂಡಿನ ಪ್ರದೇಶಕ್ಕೂ ಮಧ್ಯೆ, ಸುಮಾರು 113 ಎಕರೆಯಷ್ಟು ವಿಸ್ತಾರವಾಗಿ ಹಬ್ಬಿರುವ ಸಯಾಜಿ ಬಾಗ್‌ನಂಥ ಉದ್ಯಾನವನ್ನು ತನ್ನ ದಡದಲ್ಲಿ ಪಡೆದ ಭಾಗ್ಯ ಎಷ್ಟೋ ದೊಡ್ಡ ನದಿಗಳಿಗೂ ಇಲ್ಲ. ಊರಿನವರ ಬಾಯಲ್ಲಿ ಅದು ಇಂದಿಗೂ ಕಮಾಟಿ ಬಾಗ್.

ಉದ್ಯಾನವು ರೂಪುಗೊಂಡದ್ದು 1879ರಲ್ಲಿ. ಅಂದು ಬರೋಡಾ ಎನಿಸಿದ್ದ ವಡೋದರಾವನ್ನು ಆಳುತ್ತಿದ್ದ ಗಾಯಕವಾಡ ವಂಶಕ್ಕೆ ರೈತಾಪಿ ಮನೆಯಿಂದ ದತ್ತುವಾಗಿ ಬಂದಿದ್ದ ಮೂರನೆಯ ಸಯಾಜಿರಾಯರು ಆಗಿನ್ನೂ ವಿದ್ಯಾರ್ಥಿದಶೆಯಲ್ಲಿದ್ದರು. ಆಡಳಿತಭಾರವು ದಿವಾನ್ ಸರ್ ಟಿ. ಮಾಧವರಾಯರ ಹೆಗಲ ಮೇಲಿತ್ತು. ಅರಸರು ಅರಮನೆಯ ಪ್ರಾಕಾರದೊಳಗೆ ತೋಟ ಬೆಳೆಸುವುದು ಹಳೆಯ ರೂಢಿ. ಪ್ರಜೆಗಳ ವಿಹಾರಕ್ಕೆಂದೇ ಇಷ್ಟು ಭೂಮಿಯನ್ನು ಮೀಸಲಿಟ್ಟುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಕನ್ನಡಿಗರಿಗೆ ಇಲ್ಲಿ ಒಂದು ನಂಟೂ ಉಂಟು. ಡ್ರೆಸ್ಡೆನ್ನಿನ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಾ ಸಂಸ್ಥಾನದ ಉದ್ಯಾನಗಳ ಮೇಲ್ವಿಚಾರಕನಾಗಿ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬೀಗಲ್ಲರೇ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ನಮ್ಮ ಲಾಲ್‌ಬಾಗನ್ನೂ ಬೆಂಗಳೂರಿನ ಸಾಲುಮರಗಳನ್ನೂ ಬೆಳೆಸಿದವರು.

ಉದ್ಯಾನದೊಳಗಿನ ವಸ್ತುಸಂಗ್ರಹಾಲಯದ ಕಟ್ಟಡವು 1894ರದು. ಅದರ ಪಕ್ಕದ ಚಿತ್ರಶಾಲೆಯು 1914ರ ವೇಳೆಗೆ ಮುಗಿದಿದ್ದರೂ, ಯುರೋಪಿನಿಂದ ಬರಬೇಕಾದ ಚಿತ್ರಗಳು ಮಹಾಯುದ್ಧದ ದೆಸೆಯಿಂದ ತಡವಾಗಿ, 1921ರಲ್ಲಿ ತೆರೆಯಿತು. ಈಜಿಪ್ಟಿನ ಮಮ್ಮಿಯೊಂದು ಇಲ್ಲಿದೆ; ಆದರೆ ಮಕ್ಕಳು ನಿಂತು ಬಾಯಿ ತೆರೆದು ನೋಡುವುದು 1944ರಲ್ಲಿ ಮಹೀ ನದಿಯ ಮುಖಕ್ಕೆ ಕೊಚ್ಚಿಬಂದ ನೀಲಿ ತಿಮಿಂಗಿಲದ ಅಸ್ಥಿಪಂಜರವನ್ನು. ಹೊರಗೆ ಹೂವಿನ ಗಡಿಯಾರವಿದೆ. ನೆಲದಡಿಯ ಯಂತ್ರವು ಅದರ ಮುಳ್ಳುಗಳನ್ನು ಗಿಡಗಳ ಮೇಲೆಯೇ ತಿರುಗಿಸುವುದರಿಂದ, ಚಿಗುರೊಂದು ಎದ್ದು ಮುಳ್ಳಿಗೆ ತಾಗದಂತೆ ಮಾಲಿಯು ಕತ್ತರಿ ಹಿಡಿದು ಸಮನಾಗಿ ಸವರುತ್ತಿರಬೇಕು.

ಬೆಳಗಿನ ಹೊತ್ತು ಇಲ್ಲಿ ನಡಿಗೆಯವರ ರಾಜ್ಯ. ಸಂಜೆ ಸಂಸಾರಸಮೇತ ಬಂದವರದು. ನದಿಯ ಮೇಲಿನ ಸೇತುವೆಯಲ್ಲಿ ನಿಂತವರ ಕಣ್ಣು ಮಾತ್ರ ಕೆಸರುದಂಡೆಯ ಮೇಲಿರುತ್ತದೆ, ಏಕೆಂದರೆ ವಿಶ್ವಾಮಿತ್ರಿಯು ಮೊಸಳೆಗಳ ನದಿ. ಉದ್ಯಾನದ ಮೃಗಾಲಯದ ಕಂಬಿಯೊಳಗಿನವಲ್ಲ, ತಾವಾಗಿ ನೆಲೆಸಿದವು. 2024ರ ಆಗಸ್ಟಿನಲ್ಲಿ ನದಿಯು ಉಕ್ಕಿ ನಗರವನ್ನು ಹೊಕ್ಕಾಗ ಅವೂ ಬೀದಿಗಳಿಗೆ ಬಂದವು; ಅವನ್ನು ಹಿಡಿದು ಸಾಗಿಸಬೇಕಾಯಿತು. ಇಂಥ ಪ್ರಾಣಿಯೊಂದಿಗೆ ಇಷ್ಟು ದೊಡ್ಡ ನಗರವೊಂದು ಸಹಬಾಳ್ವೆ ನಡೆಸುತ್ತಿರುವುದು ನನಗೆ ಅಲ್ಲಿಯ ಯಾವ ಪ್ರತಿಮೆಗಿಂತಲೂ ಗೌರವಾರ್ಹವಾಗಿ ತೋರುತ್ತದೆ.

ಆದರೆ ಈ ಉದ್ಯಾನದ ಚರಿತ್ರೆಯಲ್ಲಿ ಎಲ್ಲಕ್ಕಿಂತ ಭಾರವಾದ ದಿನವು 1917ರದು. ಸಯಾಜಿರಾಯರ ವಿದ್ಯಾರ್ಥಿವೇತನದಿಂದಲೇ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಕರಾರಿನಂತೆ ಸಂಸ್ಥಾನದ ಸೇವೆಗೆ ಬಂದ ಡಾ. ಅಂಬೇಡ್ಕರರಿಗೆ ಅಸ್ಪೃಶ್ಯತೆಯ ಕಾರಣ ಊರಿನಲ್ಲಿ ಯಾರೂ ಮನೆ ಕೊಡಲಿಲ್ಲ. ಪಾರಸಿಗಳ ವಸತಿಗೃಹವೊಂದರಲ್ಲಿ ಪಾರಸಿ ಹೆಸರಿಟ್ಟುಕೊಂಡು ಕೆಲದಿನ ತಂಗಿದ್ದರು; ಗುಟ್ಟು ಬಯಲಾಗಿ, ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಆಶ್ರಯ ಕೇಳಿದ ಗೆಳೆಯರೂ ನೆವ ಹೇಳಿದರು. ಮುಂಬಯಿಯ ರೈಲು ರಾತ್ರಿಯದಾದುದರಿಂದ, ಅಲ್ಲಿಯ ತನಕದ ಹೊತ್ತನ್ನು ಅವರು ಕಳೆದುದು ಈ ಕಮಾಟಿ ಬಾಗ್‌ನಲ್ಲಿ. ಸಂಸ್ಥಾನದ ರಾಜಧಾನಿಯಲ್ಲಿ ಆ ಸಂಜೆ ಅವರನ್ನು ಜಾತಿ ಕೇಳದೆ ಕೂರಗೊಟ್ಟ ಜಾಗ ಇದೊಂದೇ.

ಅವರು ಕುಳಿತರೆನ್ನಲಾದ ಆಲದ ನೆಳಲನ್ನು, ಅಲ್ಲಿಯೇ ಅವರು ಅಸ್ಪೃಶ್ಯತೆಯ ವಿರುದ್ಧ ಪ್ರತಿಜ್ಞೆ ಮಾಡಿದರೆಂಬ ನಂಬಿಕೆಯಿಂದ, ಜನ ಈಗ ಸಂಕಲ್ಪ ಭೂಮಿಯೆಂದು ಕರೆದು, ವರ್ಷವರ್ಷವೂ ಸೆಪ್ಟೆಂಬರ್ 23ರಂದು ದೂರದೂರುಗಳಿಂದ ಬಂದು ನಮಿಸುತ್ತಾರೆ. ಅದು ಯುಕ್ತವೇ. ಆದರೆ ಅಂಬೇಡ್ಕರರು ಸ್ವತಃ ಬರೆದಿಟ್ಟ ವೃತ್ತಾಂತದಲ್ಲಿ ಪ್ರತಿಜ್ಞೆಯ ಮಾತಿಲ್ಲ. ಶೂನ್ಯವಾದ ಮನಸ್ಸು, ದುಃಖ, ದಿಕ್ಕಿಲ್ಲದ ಮಕ್ಕಳಂತೆ ತಂದೆತಾಯಿಗಳ ನೆನಪು, ಇಷ್ಟೇ ಇದೆ. ವಡೋದರಾಕ್ಕೆ ಹೋದವರು ಅಲ್ಲಿ ಕ್ಷಣಕಾಲ ನಿಲ್ಲುವ ಮುನ್ನ ಆ ಕೆಲವೇ ಪುಟಗಳನ್ನು ಓದಿಕೊಂಡು ಹೋಗಬೇಕೆಂದು ನನ್ನ ಬಿನ್ನಹ.