ಊರು ಕಳೆದುಕೊಂಡ ಹೂವು

ಹೂಗುಚ್ಛಗಳಲ್ಲಿ ಗುಲಾಬಿಗಳ ನಡುವಿನ ಸಂದು ತುಂಬಲು ಇಡುವ ಹಳದಿ ಹೂವಿನ ಕಡ್ಡಿಗೆ ನಮ್ಮ ಹೂವಿನಂಗಡಿಗಳಲ್ಲಿ ಗೋಲ್ಡನ್‌ರಾಡ್ ಎನ್ನುತ್ತಾರೆ. ಅದರ ಕಾಡುಬಂಧುವೊಂದು ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೊ, ಪಶ್ಚಿಮ ಟೆಕ್ಸಾಸ್‌ಗಳ ಬೆಟ್ಟಗಳಲ್ಲಿದೆ. ಆ ಬೆಟ್ಟಗಳ ಬುಡದಲ್ಲಿ ಕಳ್ಳಿ, ಮುಳ್ಳುಕಂಟಿ, ಕಾದ ನೆಲ. ಹತ್ತುತ್ತ ಹೋದಂತೆ ಓಕ್ ಮತ್ತು ಪೈನ್ ಮರಗಳ ತಂಪು. ಜುಲೈ ಹೊತ್ತಿಗೆ ಅಲ್ಲೂ ಮಳೆಗಾಲ. ಆ ಮಳೆಯ ಬೆನ್ನಿಗೇ ಅರಳುವ ಈ ಗಿಡದ ಹೆಸರು ಸಾಲಿಡಾಗೊ ರೈಟಿಯೈ.

ಹೆಸರಿನೊಳಗಿರುವ ರೈಟ್ ಎಂದರೆ ಚಾರ್ಲ್ಸ್ ರೈಟ್. ಯೇಲ್‌ನಲ್ಲಿ ಓದಿ, ಟೆಕ್ಸಾಸ್‌ನಲ್ಲಿ ಭೂಮಾಪನ, ಮೇಷ್ಟರಿಕೆ ಮಾಡಿಕೊಂಡು ಗಿಡ ಹುಡುಕುತ್ತಿದ್ದವನು. 1849ರಲ್ಲಿ ಸ್ಯಾನ್ ಆಂಟೋನಿಯೊದಿಂದ ಎಲ್ ಪಾಸೊಗೆ ಹೊರಟ ಸೇನೆಯ ಗಾಡಿಗಳ ಜೊತೆ ಹೋಗಲು ಅವನಿಗೆ ಅನುಮತಿ ಸಿಕ್ಕಿತು. ಕಾಗದದ ಕಟ್ಟುಗಳಿಗೆ ಗಾಡಿಯಲ್ಲಿ ಜಾಗ. ಅವನಿಗೆ ಕಾಲೇ ಗತಿ. ಬಹುಪಾಲು ದಾರಿಯನ್ನು ನಡೆದೇ ಸವೆಸಿದ. ಗಿಡ ಒಣಗಿಸುವುದೆಂದರೆ ಕಿತ್ತು ಕಾಗದದ ನಡುವೆ ಇಟ್ಟು ಮರೆಯುವ ಕೆಲಸವಲ್ಲ. ತೇವ ಹೀರಿದ ಕಾಗದವನ್ನು ಮತ್ತೆ ಮತ್ತೆ ಬದಲಿಸಬೇಕು, ಒದ್ದೆಯಾದದ್ದನ್ನು ಬಿಸಿಲಿಗೆ ಹರವಬೇಕು. ಇಲ್ಲವಾದರೆ ಹೂವು ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಇದರ ಮಧ್ಯೆಯೂ ಎಲ್ಲಿ, ಎಂದು ಕಿತ್ತೆ ಎಂಬುದನ್ನು ಅವನು ತನ್ನ ಪುಸ್ತಕದಲ್ಲಿ ಸಂಖ್ಯೆ ಹಾಕಿ ಬರೆದಿಡುತ್ತಿದ್ದ. 1851–52ರಲ್ಲಿ ಮೆಕ್ಸಿಕೊ ಗಡಿ ಸಮೀಕ್ಷೆಯ ಜೊತೆ ಮತ್ತೊಮ್ಮೆ ಹೊರಟು ತಾಮ್ರದ ಗಣಿಗಳ ಸಾಂತಾ ರೀಟಾ, ಅಲ್ಲಿಂದ ಮುಂದೆ ಸೊನೋರಾ ಸೀಮೆಯನ್ನೂ ತಿರುಗಿದ.

ಕಟ್ಟುಗಳೆಲ್ಲ ಹಾರ್ವರ್ಡ್‌ನ ಏಸಾ ಗ್ರೇ ಕೈಸೇರಿದವು. ಅಮೆರಿಕದ ಸಸ್ಯಶಾಸ್ತ್ರಕ್ಕೆ ಅವನು ಅಂದಿನ ಹಿರಿಯ. ಅವುಗಳನ್ನು ಕುಟುಂಬವಾರು ಜೋಡಿಸಿ, ರೈಟ್‌ನ ಸಂಖ್ಯೆ ಬಿಟ್ಟು ತನ್ನದೇ ಹೊಸ ಸಂಖ್ಯೆ ಕೊಟ್ಟ. ಬೇರೆ ಬೇರೆ ಕಡೆ ಕಿತ್ತ ಒಂದೇ ಜಾತಿಯ ಗಿಡಗಳು ಒಂದೇ ಸಂಖ್ಯೆಯಡಿ ಬಂದದ್ದೂ ಉಂಟು. ಬಳಿಕ ಹಲವು ದೇಶಗಳ ಸಂಗ್ರಹಾಲಯಗಳಿಗೆ ಪ್ರತಿಗಳು ಹೋದವು. 1849ರ ಹಾಳೆಗಳಿಗೆ ಅಂಟಿಸಿದ ಅಚ್ಚಿನ ಚೀಟಿ ಹೇಳುವುದಿಷ್ಟು: ಪಶ್ಚಿಮ ಟೆಕ್ಸಾಸ್‌ನಿಂದ ಎಲ್ ಪಾಸೊವರೆಗಿನ ಯಾತ್ರೆಯಲ್ಲಿ ಸಂಗ್ರಹಿಸಿದ್ದು, ಮೇ–ಅಕ್ಟೋಬರ್ 1849. ನೂರಾರು ಮೈಲಿ ಒಂದೇ ಸಾಲಿಗೆ ಇಳಿಯಿತು. ಎರಡನೆಯ ಪ್ರವಾಸದ್ದಕ್ಕೆ ನ್ಯೂ ಮೆಕ್ಸಿಕೊ ಎಂಬ ಒಂದೇ ಗುರುತು. ಆಗಿನ ನ್ಯೂ ಮೆಕ್ಸಿಕೊದೊಳಗೆ ಇಂದಿನ ಅರಿಜೋನಾದ ಬಹುಭಾಗವೂ ಅಡಗಿತ್ತು.

ಹೊಸ ಜಾತಿಗಳನ್ನು ಜಗತ್ತಿಗೆ ಬೇಗ ತಲುಪಿಸುವುದು ಗ್ರೇಯ ಆತುರವಾಗಿತ್ತು. ಪ್ರತಿಗಳ ಮಾರಾಟವೇ ರೈಟ್‌ಗೆ ಆಸರೆಯಾಗಿತ್ತು. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ನನ್ನ ಸಿಟ್ಟು ಇಳಿಯುವುದಿಲ್ಲ. ನಡೆದವನು ಊರು, ಹಳ್ಳ, ತಿಂಗಳು ಬರೆದುಕೊಂಡು ಬಂದಿದ್ದ. ಚೀಟಿಯ ಮೇಲೆ ಇನ್ನೊಂದೇ ಸಾಲಿಗೆ ಜಾಗ ಮಾಡಿದ್ದರೆ ಸಾಕಿತ್ತು. 1880ರಲ್ಲಿ ಗ್ರೇ ಈ ಗೋಲ್ಡನ್‌ರಾಡ್‌ಗೆ ರೈಟ್‌ನ ಹೆಸರಿಟ್ಟು ಗೌರವಿಸಿದ, ನಿಜ. ಆದರೆ ರೈಟ್‌ನ ಗಿಡಗಳು ಆಗಲೇ ಊರು ಕಳೆದುಕೊಂಡಿದ್ದವು.

ದಾರಿ ಮತ್ತೆ ತೆರೆದದ್ದು ರೈಟ್‌ನ ಕ್ಷೇತ್ರ ಟಿಪ್ಪಣಿಗಳಿಂದ. 1940ರಲ್ಲಿ ಐವನ್ ಜಾನ್‌ಸ್ಟನ್ ಅವುಗಳನ್ನು ಹೊರತಂದ. 1987ರಲ್ಲಿ ಎಲಿಜಬೆತ್ ಶಾ ಆ ಪ್ರವಾಸಗಳನ್ನೇ ಕುರಿತು ಪುಸ್ತಕ ಬರೆದಳು. ಗ್ರೇಯ ಸಂಖ್ಯೆಯನ್ನು ರೈಟ್‌ನ ಸಂಖ್ಯೆಯೊಂದಿಗೆ ತಾಳೆ ಹಾಕಿ, ಒಂದೊಂದೇ ಗಿಡವನ್ನು ಅದರ ಕಣಿವೆಗೆ ಮರಳಿ ಸೇರಿಸುವ ಕೆಲಸವಿದು.

ಇದು ಹಳೆಯ ಕಾಗದದ ಮೇಲಿನ ಮೋಹವಷ್ಟೇ ಅಲ್ಲ. ಅರಿಜೋನಾದ ಸಾಂತಾ ಕ್ಯಾಟಲಿನಾ ಬೆಟ್ಟದ ಒಂದೇ ಕಾಲುದಾರಿಯಲ್ಲಿ 20 ವರ್ಷ ಹೂಗಳನ್ನು ದಾಖಲಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಬೇಸಿಗೆಯ ಬಿಸಿ ಏರಿದಂತೆ 363 ಜಾತಿಗಳ ಪೈಕಿ 93ರಲ್ಲಿ ಹೂ ಬಿಡುವ ಎತ್ತರವೇ ಬದಲಾಗಿತ್ತು. 2020ರಲ್ಲಿ ಅದೇ ಬೆಟ್ಟಸಾಲಿನ ಸುಮಾರು 1,20,000 ಎಕರೆಗೆ ಬೆಂಕಿ ಹರಡಿತು. ಬೆಂಕಿಗೆ, ಬಿಸಿಗೆ ಮುಂಚೆ ಯಾವ ಇಳಿಜಾರಿನಲ್ಲಿ ಏನಿತ್ತು ಎಂದು ಕೇಳುವವರು ಹೋಗಬೇಕಾದದ್ದು ಒಣಗಿಸಿದ ಗಿಡಗಳನ್ನು ಕಾಪಿಡುವ ಹರ್ಬೇರಿಯಂನ ಬೀರುಗಳಿಗೇ. ಅಲ್ಲಿ ಊರಿರುವ ಹಾಳೆ ಮಾತ್ರ ಉತ್ತರ ಕೊಡಬಲ್ಲದು.